ಒಂದು ಕಂಬ, ಹನ್ನೊಂದು ಇಲಾಖೆ

ಲೋಕಪ್ಪನ ಮನೆ ಬಾಗಿಲ ಎದುರಿಗೆ ಒಂದು ಕರೆಂಟ್ ಕಂಬವಿತ್ತು. ಎದುರಿಗೆ ಎಂದರೆ ಸುಮ್ಮನೆ ಎದುರಿಗಲ್ಲ. ಬಾಗಿಲು ತೆಗೆದು ಕಣ್ಣು ಮುಚ್ಚಿಕೊಂಡು ಏಳು ಹೆಜ್ಜೆ ನಡೆದರೆ ಸರಿಯಾಗಿ ಹಣೆಗೇ ಬಡಿಯುವಷ್ಟು ಎದುರಿಗೆ. ಊರಿನ ಹೆಸರು ನಾನು ಹೇಳುವುದಿಲ್ಲ. ಶಿರಾಳಕೊಪ್ಪದಲ್ಲಿ ತೊಗರ್ಸಿ ಬಸ್ಸು ಹತ್ತಿದರೆ ನಡುವೆ ಸಿಗುತ್ತದೆ, ಅಷ್ಟು ಸಾಕು. ಹೆಸರು ಹೇಳಿದೆನೋ, ‘ಇವನ್ಯಾಕೆ ನಮ್ಮೂರ ಹೆಸರು ಬರೆದ, ಬರೆಸಿದೋರು ಯಾರು’ ಎಂದು ಅಲ್ಲಿಯವರು ನನ್ನ ಬೆನ್ನು ಹತ್ತುತ್ತಾರೆ. ಅಂಥ ಊರು ಅದು.

ಮೂವತ್ತು ವರ್ಷ ಆ ಕಂಬ ಯಾರಿಗೂ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ಮಗಳು ರಜನಿಗೆ ಸೊರಬದ ಸಂಬಂಧ ಗೊತ್ತಾದ ಮೇಲೆ. ಹುಡುಗ ತೀರ್ಥೇಶ್, ಸೊರಬದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವರಪ್ಪ ವೀರಬಸಪ್ಪನವರದು ಮಹಡಿ ಮನೆ, ಸಾಗುವಾನಿ ಬಾಗಿಲು, ಬಿಳೀ ಕಾರು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿ, ಹಿರಿಯರು ತೆಗೆಯುವ ಮೊದಲೇ ಅವರಿಬ್ಬರೂ ಮೊಬೈಲಿನಲ್ಲಿ ಮುಹೂರ್ತ ತೆಗೆದುಕೊಂಡಿದ್ದರು. ನಿಶ್ಚಿತಾರ್ಥ ಹೆಣ್ಣಿನ ಮನೆ ಮುಂದೆ, ಶಾಮಿಯಾನದಡಿ ಆಗಬೇಕಿತ್ತು. ಆ ಶಾಮಿಯಾನದ ನಟ್ಟನಡುವೆ ಈ ಕಂಬ.

“ಬೀಗರು ಕಾರಿಳಿದು ನೆಟ್ಟಗೆ ಬಂದು ಕಂಬಕ್ಕೆ ಡಿಕ್ಕಿ ಹೊಡೆದ್ರೆ ನಮ್ಮ ಮರ್ಯಾದಿ ಏನಾಗ್ಬೇಕು?” ಎಂದು ಲೋಕಪ್ಪ ಮೂರು ಸಲ ಕರೆಂಟ್ ಆಫೀಸಿಗೆ ಹೋಗಿ ಬಂದ. ಮೂರು ಸಲವೂ “ನೋಡಾಣ” ಎಂದರು.

“ಬಾಯಾಗೆ ಹೇಳಿದ್ರೆ ಆಗಂಗಿಲ್ಲ, ಬರವಣಿಗಿ ಒಳಗೆ ಕೊಡ್ರಿ” ಎಂದಳು ಹೆಂಡತಿ ನಾಗವೇಣಿ. ಆ ಮನೆಯಲ್ಲಿ ಬುದ್ಧಿ ಎಂಬುದು ಎಲ್ಲಿತ್ತು ಎಂದು ಕೇಳಿದರೆ ನಾಗವೇಣಿಯ ಕಡೆಗೇ ಬೊಟ್ಟು ಮಾಡಬೇಕು.

ಹಾಗಾಗಿ ಲೋಕಪ್ಪ ಶಿಕಾರಿಪುರಕ್ಕೆ ಹೋಗಿ, ತಾಲೂಕು ಆಫೀಸಿನ ಎದುರು ಸೌಂದರ್ಯ ಎಂಬ ಹೆಣ್ಣುಮಗಳು ಇಟ್ಟಿದ್ದ ಟೈಪಿಂಗ್, ಜೆರಾಕ್ಸ್ ಅಂಗಡಿಯಲ್ಲಿ ಕೂತ. ಕಂಬ ಸ್ಥಳಾಂತರಿಸುವ ಬಗ್ಗೆ ಅರ್ಜಿ. ಸೌಂದರ್ಯ ಎರಡು ನಿಮಿಷದಲ್ಲಿ ಟಕಟಕ ಹೊಡೆದು ಮುಗಿಸಿ, “ಕೆಳಗೆ ಪ್ರತಿಗಳು ಹಾಕ್ಲೇನ್ರೀ?” ಎಂದಳು.

“ಏನ್ ಪ್ರತಿ?”

“ಅದೇರಿ, ವಿಧಾನಸೌಧಕ್ಕೆ ಒಂದೊಂದು ಪ್ರತಿ ಕಳ್ಸೀವಿ ಅಂತ ಕೆಳಗೆ ಬರಿಯೋದು. ಎಲ್ಲಾರೂ ಹಾಕಿಸ್ತಾರೆ. ಅದಿದ್ರೆ ಆಫೀಸ್ನೋರು ಚೂರು ಹೆದರ್ತಾರೆ.”

ಬೆಳಗ್ಗೆ ಯಾರೋ ಜಮೀನು ಜಗಳದವನು ಮಾಡಿಸಿಹೋದ ಅರ್ಜಿಯ ಬಾಲವನ್ನು ಅವಳು ಹಾಗೇ ಕತ್ತರಿಸಿ ಲೋಕಪ್ಪನ ಕಂಬದ ಕೆಳಗೆ ಅಂಟಿಸಿದಳು. ಕಂದಾಯ, ಅರಣ್ಯ, ಅಬಕಾರಿ, ಆಹಾರ, ಸಹಕಾರ, ಪಶುಸಂಗೋಪನೆ, ಮೀನುಗಾರಿಕೆ ಎಂದು ಶುರುವಾಗಿ ಒಟ್ಟು ಹನ್ನೊಂದು ಇಲಾಖೆ. ಒಂದಕ್ಕೆ ವಿಧಾನಸೌಧ, ಇನ್ನೊಂದಕ್ಕೆ ವಿಕಾಸಸೌಧ, ಮತ್ತೊಂದಕ್ಕೆ ಬಹುಮಹಡಿ ಕಟ್ಟಡ.

“ಇವಕ್ಕೆಲ್ಲಾ ಕಳ್ಸಬೇಕಾ?”

“ಅಯ್ಯೋ, ಯಾರೂ ಕಳ್ಸಲ್ರೀ. ಸುಮ್ನೆ ಬರಿಯೋದು.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಲೋಕಪ್ಪನಿಗೆ ಅನುಮಾನ ಬಂತು. ಯಾರೂ ಕಳಿಸಲ್ಲ ಎಂದು ಇವಳ್ಯಾಕೆ ಇಷ್ಟು ಒತ್ತಿ ಹೇಳುತ್ತಾಳೆ? ಪ್ರತಿ ಕಳಿಸಿದ್ದೇವೆ ಎಂದು ಕೆಳಗೆ ಬರೆದು, ಸಹಿ ಹಾಕಿ, ಕಳಿಸದೇ ಇದ್ದರೆ ಸರ್ಕಾರಕ್ಕೆ ಸುಳ್ಳು ಹೇಳಿದ ಹಾಗಾಯಿತಲ್ಲ? ನಾಳೆ ವಿಧಾನಸೌಧದವರು ‘ನಮ್ಮದೆಲ್ಲಿ ಪ್ರತಿ’ ಎಂದು ಪೊಲೀಸರನ್ನು ಕಳಿಸಿದರೆ? ಮಗಳ ನಿಶ್ಚಿತಾರ್ಥದ ದಿನವೇ ಬಂದರೆ? ಲೋಕಪ್ಪ ಹನ್ನೊಂದು ಜೆರಾಕ್ಸ್ ಮಾಡಿಸಿ, ಹನ್ನೊಂದು ಕವರಿಗೆ ಹಾಕಿ, ಹನ್ನೊಂದನ್ನೂ ಸ್ಪೀಡ್ ಪೋಸ್ಟ್ ಮಾಡಿದ. ಪೋಸ್ಟಾಫೀಸಿನಾಕೆ ಕವರುಗಳನ್ನೊಮ್ಮೆ ಅವನನ್ನೊಮ್ಮೆ ನೋಡಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ಸರ್ಕಾರ ಉತ್ತರ ಕೊಡುವುದೇ ಇಲ್ಲ ಎನ್ನುವವರು ಇಲ್ಲಿ ಕಿವಿಗೊಟ್ಟು ಕೇಳಬೇಕು. ಹದಿನೈದು ದಿನಕ್ಕೆ ಸರಿಯಾಗಿ ಉತ್ತರ ಬಂತು.

ಅಂಚೆಯ ರಾಜು ಸ್ಕೂಟರ್ ನಿಲ್ಲಿಸಿದ್ದು ಹಾಲಿನ ಡೈರಿ ಮುಂದೆ. ಬೆಳಗಿನ ಹಾಲು ಹಾಕುವ ಹೊತ್ತು, ಅರ್ಧ ಊರು ಕ್ಯಾನು ಹಿಡಿದು ನಿಂತಿತ್ತು. ರಾಜು ಕವರನ್ನು ಎತ್ತಿ ಹಿಡಿದು, “ಲೋಕಪ್ಪಣ್ಣ, ನಿನಗೆ ಬೆಂಗಳೂರಿಂದ. ಅಬಕಾರಿ ಇಲಾಖೆ, ಸರ್ಕಾರದ ಸಚಿವಾಲಯ!” ಎಂದು ಎಲ್ಲರಿಗೂ ಕೇಳುವ ಹಾಗೆ ಓದಿದ. ಸಾಲಿನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟರು.

ಲೋಕಪ್ಪ ಅಲ್ಲೇ ಹರಿದು ಓದಿದ. ಒಳಗಿದ್ದದ್ದು ಒಂದೇ ವಾಕ್ಯ: ‘ಸದರಿ ವಿಷಯವು ಈ ಇಲಾಖೆಯ ವ್ಯಾಪ್ತಿಗೆ ಬಾರದಿರುವುದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದು ತಿಳಿಸಲು ನಿರ್ದೇಶಿತನಾಗಿದ್ದೇನೆ.’ ಅವನ ಮುಖ ಸಣ್ಣಗಾಯಿತು. ಇಷ್ಟು ದೊಡ್ಡ ಕವರಿನಲ್ಲಿ ಇಷ್ಟೇ ಎಂದು ಊರ ಮುಂದೆ ಹೇಳುವುದು ಹೇಗೆ?

“ಏನ್ ಬರ್ದಾರಣ್ಣ?” ಎಂದ ತಿಪ್ಪೇಶ. ಇವನು ಡೈರಿಯ ಸೆಕ್ರೆಟರಿ, ಲೋಕಪ್ಪನ ಪಕ್ಕದ ಮನೆಯವನು.

ಲೋಕಪ್ಪ ಕಾಗದ ಮಡಚಿ ಅಂಗಿ ಜೇಬಿಗಿಟ್ಟು, ಗಂಟಲು ಸರಿಮಾಡಿಕೊಂಡು, “ಅದು ಸರ್ಕಾರದ ವ್ಯವಹಾರ ಕಣಪ್ಪ. ಹೇಳಂಗಿಲ್ಲ” ಎಂದ.

ಹಾಳಾದದ್ದು ಅಲ್ಲೇ. ಅದೊಂದು ಮಾತು ಹೇಳದೇ ಇದ್ದಿದ್ದರೆ ನಾನೂ ಇಷ್ಟು ಬರೆಯಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಿರಾಣಿ ಅಂಗಡಿ ಬಾಗಿಲು ಹಾಕಿತ್ತು. ಆ ಅಂಗಡಿಯಲ್ಲಿ ಸಕ್ಕರೆ ಚೀಲದ ಹಿಂದೆ ಬೇರೆ ಥರದ ಪ್ಯಾಕೆಟ್ಟುಗಳೂ ಸಿಗುತ್ತಿದ್ದವು ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ‘ಮಾವ ತೀರಿಕೊಂಡಿದ್ದರಿಂದ ಮೂರು ದಿನ ರಜೆ’ ಎಂದು ಬೋರ್ಡು. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು.

ಮರುದಿನ ಮೀನುಗಾರಿಕೆ ಇಲಾಖೆಯ ಕವರು. ಅಂದು ಸಂಜೆ ಕೆರೆ ದಂಡೆಯಲ್ಲಿ ಒಬ್ಬಾತ ಬುಟ್ಟಿಯಲ್ಲಿದ್ದ ಮೀನುಗಳಲ್ಲಿ ಇನ್ನೂ ಬಾಯಿ ಬಡಿಯುತ್ತಿದ್ದವನ್ನೆಲ್ಲ ಒಂದೊಂದಾಗಿ ವಾಪಸ್ ನೀರಿಗೆ ಬಿಡುತ್ತಿದ್ದನಂತೆ. ಆಮೇಲೆ ಅರಣ್ಯದ ಕವರು ಬಂತು. ಊರಿನ ಎರಡು ಸಾಗುವಾನಿ ಮಂಚ ಹೊಲದ ಬಾವಿಗೆ ಇಳಿದವು. ಕಂದಾಯದ ಕವರು ಬಂದ ದಿನ ಮೂರು ಮನೆಯವರು ತಮ್ಮ ಬೇಲಿಯನ್ನು ತಾವೇ ಕಿತ್ತು ಒಂದೊಂದು ಮಾರು ಒಳಗೆ ನೆಟ್ಟುಕೊಂಡರು. ಊರ ದಾರಿ ಅಗಲವಾಯಿತು. ಬಸ್ಸಿನವನು ಕೆಳಗಿಳಿದು ಬಂದು ನೋಡಿ, ತಲೆ ಕೆರೆದುಕೊಂಡು ಹೋದ.

ಪಶುಸಂಗೋಪನೆ ಮತ್ತು ಸಹಕಾರ, ಎರಡೂ ಒಂದೇ ದಿನ ಬಂದಾಗ ತಿಪ್ಪೇಶನಿಗೆ ಜ್ವರ ಬಂತು. ಮಾರನೆಯ ಬೆಳಗ್ಗೆ ಒಂದು ತಂಬಿಗೆ ಹಾಲು ಹಿಡಿದು ಲೋಕಪ್ಪನ ಮನೆಗೆ ಬಂದ.

“ನಾಗವೇಣಕ್ಕ, ಇದು ನಮ್ಮ ಮನೆ ಎಮ್ಮೆದು. ಸುಮ್ನೆ, ಪ್ರೀತಿಗೆ.”

ನಾಗವೇಣಿ ತಂಬಿಗೆ ಓರೆ ಮಾಡಿದಳು. ಹಾಲು ಅಲುಗಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ತಿಪ್ಪೇಶನ ಕೈಯಿಂದ ಅಂಥ ಹಾಲು ಅವಳು ನೋಡಿರಲಿಲ್ಲ. ಅವನು ಹೋದ ಮೇಲೆ ಗಂಡನನ್ನು ಒಳಗೆ ಕರೆದಳು.

“ನಿಜ ಹೇಳ್ರಿ. ಹೋದ ತಿಂಗಳು ರಕ್ತ ಪರೀಕ್ಷೆಗೆ ಕೊಟ್ಟಿದ್ರಲ್ಲ, ಡಾಕ್ಟ್ರು ಏನಂದ್ರು?”

“ಚೂರು ಸಕ್ಕರೆ ಐತೆ ಅಂದ್ರು.”

“ಅಷ್ಟೇ ಆಗಿದ್ರೆ ಊರೋರೆಲ್ಲ ಹಿಂಗ್ಯಾಕೆ ಮೈಮೇಲೆ ಬಿದ್ದು ಮಾತಾಡ್ಸ್ತಾರೆ? ರೇಷನ್ ಅಂಗಡಿಯೋರು ತಕ್ಕಡಿ ನೆಲಕ್ಕೆ ತಾಗೋವಂಗೆ ಅಕ್ಕಿ ಹಾಕಿದ್ರು. ಇದು ಕಡೇಗಾಲದೋರಿಗೆ ಮಾಡೋ ಉಪಚಾರ.”

ಲೋಕಪ್ಪನಿಗೂ ಅದೇ ಅನುಮಾನ ಇತ್ತು. ನಿನ್ನೆ ಊರ ಗೌಡರು ಎದುರಿಗೆ ಬಂದವರು ‘ಆರಾಮ ಐದೀಯೇನಪ್ಪ’ ಎಂದು ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಗೌಡರು ಕೈ ಹಿಡಿಯುವುದು ಎಲೆಕ್ಷನ್ನಿನಲ್ಲಿ, ಇಲ್ಲವೇ ಸಾವಿನ ಮನೆಯಲ್ಲಿ. ಎಲೆಕ್ಷನ್ ಅಂತೂ ಹತ್ತಿರದಲ್ಲಿರಲಿಲ್ಲ.

ಇಷ್ಟು ಸಾಲದು ಎಂಬಂತೆ ಸೊರಬದವರ ವರಸೆ ಬದಲಾಯಿತು. ನಿಶ್ಚಿತಾರ್ಥಕ್ಕೆ ದಿನ ಹೇಳುತ್ತೇವೆ ಎಂದಿದ್ದ ವೀರಬಸಪ್ಪನವರು ಮೊದಲು ಅಮ್ಮನಿಗೆ ಹುಷಾರಿಲ್ಲ ಎಂದರು. ಆಮೇಲೆ ಐನೋರು ಊರಲ್ಲಿಲ್ಲ ಎಂದರು. ಮೂರನೇ ಸಲ ಫೋನೆತ್ತಿ, “ಹಲೋ, ಕೇಳ್ತಿಲ್ಲ, ಕೇಳ್ತಿಲ್ಲ ಮಾರಾಯ್ರೆ” ಎಂದು ಸ್ಪಷ್ಟವಾಗಿ ಹೇಳಿ ಇಟ್ಟರು. ರಜನಿ ಊಟ ಬಿಟ್ಟು ಕೂತಳು. ಅಡುಗೆಮನೆಯಲ್ಲಿ ಮಗಳು ಮೂಗೆಳೆಯುವ ಸದ್ದು ಲೋಕಪ್ಪನಿಗೆ ರಾತ್ರಿಯಿಡೀ ಕೇಳಿಸಿತು. ನಾನು ಸಾಯುವುದಾದರೆ ಸಾಯುತ್ತೇನೆ, ಮೊದಲು ಇವಳದೊಂದು ಆಗಲಿ ಎಂದು ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೊರಟ.

ಅವನಿಗೆ ಗೊತ್ತಿಲ್ಲದ್ದು ಇಷ್ಟು. ಶಿರಾಳಕೊಪ್ಪದ ಸಂತೆಯಲ್ಲಿ ಸುದ್ದಿ ಆಗಲೇ ಮೆಣಸಿನಕಾಯಿ ಜೊತೆ ಸೇರಿಗೆ ಇಷ್ಟು ಎಂದು ಹಂಚಿಹೋಗಿತ್ತು: ‘ಲೋಕಪ್ಪ ಅಂತ ಒಬ್ಬ ಇದಾನೆ. ನೋಡಾಕೆ ಪೆದ್ದ. ಒಳಗೊಳಗೇ ವಿಧಾನಸೌಧದ ಮನುಷ್ಯ. ಯಾರ ಮನೇಲಿ ಏನೈತೆ ಅಂತ ಬರ್ದು ಕಳಿಸ್ತಾನೆ, ಹನ್ನೊಂದು ಇಲಾಖೆಯಿಂದ ದಿನಾ ಉತ್ತರ ಬರ್ತಾವೆ.’ ಸಂತೆಗೆ ಬಂದಿದ್ದ ವೀರಬಸಪ್ಪನವರು ಅದನ್ನು ಕೇಳಿ, ಕೊಂಡ ತರಕಾರಿ ಅಲ್ಲೇ ಬಿಟ್ಟು ಮನೆಗೆ ಹೋಗಿದ್ದರು. ಏಕೆಂದರೆ ಅವರ ಮನೆಯಲ್ಲಿ ಬಡವರಿಗೆ ಕೊಡುವ ಬಿಪಿಎಲ್ ಕಾರ್ಡೂ ಇತ್ತು, ಬಿಳೀ ಕಾರೂ ಇತ್ತು. ಎರಡೂ ಒಂದೇ ಮನೆಯಲ್ಲಿ ಇರಬಾರದು ಎಂಬುದು ಸರ್ಕಾರದ ಅಭಿಪ್ರಾಯ.

ಲೋಕಪ್ಪ ತಿರುವಿನಲ್ಲಿ ಕಂಡದ್ದೇ ತಡ, ಆ ಮನೆಯಲ್ಲಿ ಏನೇನೋ ಎಳೆದಾಡುವ ಸದ್ದಾಯಿತು. ಅವನು ಅಂಗಳಕ್ಕೆ ಬಂದು ನಿಂತಾಗ ಕಾರು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಚೌಕಾಕಾರದ ಒಂದು ಹುಲ್ಲಿನ ಬಣವೆ. ಸಾಗುವಾನಿ ಬಾಗಿಲಿಗೆ ಗೋಣಿಚೀಲ ನೇತುಹಾಕಿದ್ದರು. ವೀರಬಸಪ್ಪನವರು ಹರಿದ ಬನೀನಿನಲ್ಲಿ ಕೈಮುಗಿದರು. ಜಗುಲಿಯ ಮೇಲೆ, ಚಾಪೆಯಲ್ಲಿ, ಅವರ ತಾಯಿ ಹೂವಮ್ಮ ಮಲಗಿದ್ದರು. ಮಗ ಕಣ್ಸನ್ನೆ ಮಾಡಿದಾಗೆಲ್ಲ ನರಳುತ್ತಿದ್ದರು.

“ಬರ್ರಿ ಬೀಗ್ರೆ. ಕೂರಕ್ಕೆ ಕುರ್ಚಿ ಇಲ್ಲ, ಬ್ಯಾಸರ ಮಾಡ್ಕಬ್ಯಾಡ್ರಿ.”

ಹೋದ ಸಲ ಬಂದಾಗ ಸೋಫಾ ಇತ್ತು. ಲೋಕಪ್ಪ ನೆಲದ ಮೇಲೆ ಕೂತು ಸುತ್ತ ಕಣ್ಣಾಡಿಸಿದ. ಅವನು ಕಣ್ಣಾಡಿಸಿದ ಕಡೆಗೆಲ್ಲ ವೀರಬಸಪ್ಪನವರ ಕಣ್ಣೂ ಹಿಂದೆಯೇ ಓಡಿತು.

“ನಿಮ್ಮ ಕಾರು ಕಾಣಂಗಿಲ್ಲ?”

“ಕಾರಾ? ಯಾವ ಕಾರು? ನಾವು ಬಸ್ಸಿಗೂ ಯೋಚ್ನೆ ಮಾಡೋರು.”

“ಹೋದ ಸಲ ನನ್ನ ಬಸ್‌ಸ್ಟ್ಯಾಂಡಿಗೆ ಅದ್ರಾಗೇ ಬಿಟ್ರಲ್ರೀ?”

“ಅದು... ದಾರೀಲಿ ಹೋಗ್ತಿತ್ತು. ಪಾಪ, ನಿಲ್ಸಿದ್ರು.”

ಅಷ್ಟರಲ್ಲಿ ಆಕಳೊಂದು ಬಂದು ಬಣವೆಗೆ ಬಾಯಿ ಹಾಕಿತು. ಒಂದು ಕಂತೆ ಎಳೆಯುವಾಗ ಅದರ ಕೋಡು ಎಲ್ಲಿಗೋ ತಾಗಿ, ಬಣವೆ ಕೊಂಯ್ ಕೊಂಯ್ ಎಂದು ಬಡಿದುಕೊಳ್ಳತೊಡಗಿತು. ವೀರಬಸಪ್ಪನವರು ಕಣ್ಣು ಮುಚ್ಚಿಕೊಂಡು, “ಜೀರುಂಡೆ” ಎಂದರು. “ಈ ಸಲ ಭಾಳ.” ಹೂವಮ್ಮ ಯಾರೂ ಸನ್ನೆ ಮಾಡದೇ ಇದ್ದರೂ ಒಮ್ಮೆ ಜೋರಾಗಿ ನರಳಿದರು.

ಲೋಕಪ್ಪ ಮೇಲೆದ್ದ. ಬಸ್ಸಿನಲ್ಲಿ ಬರುವಾಗ ಅವನ ತಲೆ ಗಿರ್ರೆನ್ನುತ್ತಿತ್ತು. ಹಿಂದಿನ ಸಲದ್ದೆಲ್ಲ ಬಾಡಿಗೆ ತಂದದ್ದು! ಸೋಫಾ ಬಾಡಿಗೆ, ಕಾರು ಬಾಡಿಗೆ, ಮಹಡಿಯೊಂದನ್ನು ಬಾಡಿಗೆ ತರಲಾಗದೆ ಹೇಗೋ ಕಟ್ಟಿಸಿದ್ದಾರೆ. ಮನೆಗೆ ಬಂದವನೇ, “ಈ ಸಂಬಂಧ ಬ್ಯಾಡ. ಮೋಸಗಾರರು. ಜೀರುಂಡೆ ಅಂತೆ, ಜೀರುಂಡೆ!” ಎಂದು ಚಪ್ಪಲಿ ಒದರಿದ.

ರಜನಿ ಮುಖ ಒರೆಸಿಕೊಂಡು ಎದುರಿಗೆ ಬಂದು ನಿಂತಳು. “ಅಪ್ಪಾಜಿ, ಮೋಸಗಾರರು ಅಂತ ಅವ್ರು ಅಂದಿರೋದು ನಿಮಗೆ.”

“ನನಗಾ!”

“ತೀರ್ಥೇಶ್ ಈಗಷ್ಟೇ ಫೋನ್ ಮಾಡಿದ್ರು. ನೀವು ಸರ್ಕಾರದ ಗೂಢಚಾರ ಅಂತೆ. ನಮ್ಮ ಕಾರು ಹುಡುಕ್ಕೊಂಡು ಬಂದಿದ್ರು, ಹೆಣ್ಣು ಕೊಡೋದು ಬರೀ ನೆಪ ಅಂತ ಅವರಪ್ಪ ಗೋಳಾಡ್ತಾ ಇದಾರಂತೆ. ಊರೋರು ಹಾಲು ತಂದು ಕೊಡೋದೂ ಅದಕ್ಕೇ. ಆ ಕಾಗದದಾಗೆ ಏನೈತೆ ಅಂತ ಒಬ್ರಿಗಾದ್ರೂ ಹೇಳೀರಾ ನೀವು?”

ಲೋಕಪ್ಪನಿಗೆ ಮೊದಲು ಬಂದದ್ದು ಸಮಾಧಾನ. “ಹಂಗಾದ್ರೆ ನಾನು ಸಾಯಲ್ಲ!” ಎಂದ.

“ಈಗ ಸಾಯಲ್ಲ” ಎಂದಳು ನಾಗವೇಣಿ. “ನಾಳೆ ಆ ಕವರೆಲ್ಲ ತಗೊಂಡು ಸೊರಬಕ್ಕೆ ಹೋಗಿ ಓದಿ ಹೇಳದೇ ಇದ್ರೆ ಆಮೇಲೆ ನೋಡಾಣ.”

“ಬೀಗರ ಮುಂದೆ ‘ವ್ಯಾಪ್ತಿಗೆ ಬರಲ್ಲ, ವ್ಯಾಪ್ತಿಗೆ ಬರಲ್ಲ’ ಅಂತ ಹನ್ನೊಂದು ಸಲ ಓದ್ಲಾ? ನನ್ನ ಮರ್ಯಾದಿ?”

ರಜನಿ ಹನ್ನೊಂದು ಕವರನ್ನೂ ತಂದು ಮುಂದಿಟ್ಟಳು. ಅಪ್ಪನನ್ನೇ ನೋಡುತ್ತ ನಿಂತಳು, ಅಷ್ಟೇ. ಲೋಕಪ್ಪ ಆ ನೋಟಕ್ಕೆ ಸೋತುಹೋದ.

ಮರುದಿನ ಮೂವರೂ ಸೊರಬಕ್ಕೆ ಹೋದರು. ಬಣವೆ ಇನ್ನೂ ಇತ್ತು. ಹನ್ನೊಂದು ಕವರು ನೋಡಿದ್ದೇ ವೀರಬಸಪ್ಪನವರು ಗೋಡೆಗೆ ಒರಗಿ ಕೂತರು. ತೀರ್ಥೇಶ್ ಬಾಗಿಲ ಗೋಣಿಚೀಲದ ಮರೆಯಲ್ಲಿ ನಿಂತ. ಲೋಕಪ್ಪ ಕನ್ನಡಕ ಹಾಕಿಕೊಂಡು ಓದತೊಡಗಿದ. ಅಬಕಾರಿ: ವ್ಯಾಪ್ತಿಗೆ ಬರುವುದಿಲ್ಲ. ಅರಣ್ಯ: ವ್ಯಾಪ್ತಿಗೆ ಬರುವುದಿಲ್ಲ. ಆಹಾರ ಎಂದಾಗ ವೀರಬಸಪ್ಪನವರ ಉಸಿರು ನಿಂತಿತು; ಅದೂ ಬರುವುದಿಲ್ಲ ಎಂದಾಗ ಮತ್ತೆ ಶುರುವಾಯಿತು. ಏಳನೆಯದಕ್ಕೆ ಲೋಕಪ್ಪನ ದನಿ ನಡುಗಿತು, ಒಂಬತ್ತನೆಯದಕ್ಕೆ ಕಿವಿ ಕೆಂಪಾಯಿತು. ಆದರೂ ಮಗಳ ಮುಖ ನೋಡಿ ಹನ್ನೊಂದನೆಯದನ್ನೂ ಬಿಡದೆ ಓದಿ ಮುಗಿಸಿದ.

“ಎಲ್ಲ ನಮ್ಮ ಮನೆ ಮುಂದಿನ ಕಂಬದ ಅರ್ಜಿ ಬೀಗ್ರೆ. ನಿಮ್ಮ ಕಾರು ನಿಲ್ಲಾಕೆ ಜಾಗ ಆಗ್ಲಿ ಅಂತ ಬರ್ದಿದ್ದು.”

ವೀರಬಸಪ್ಪನವರಿಗೆ ಇನ್ನೂ ಪೂರ್ತಿ ನಂಬಿಕೆ ಬರಲಿಲ್ಲ. ಇಷ್ಟು ನುಣ್ಣಗೆ ಓದುತ್ತಾನೆ ಎಂದರೆ ಏನೋ ಇದೆ ಎಂದು ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ಆಗ ಚಾಪೆಯ ಮೇಲೆ ನರಳುವುದನ್ನು ಮರೆತು ಎದ್ದು ಕೂತಿದ್ದ ಹೂವಮ್ಮ ಬಾಯಿ ಬಿಟ್ಟರು.

“ಅಲ್ಲ ಕಣಪ್ಪ, ಎಲ್ಲಾರಿಗೂ ಬರ್ದಿದೀಯ. ಮೀನಿನೋರಿಗೂ ಬರ್ದಿದೀಯ. ಕರೆಂಟಿನ ಇಲಾಖೆಗೆ ಬರೀಲಿಲ್ವಾ?”

ಲೋಕಪ್ಪ ಹನ್ನೊಂದು ಕವರುಗಳನ್ನೂ ಒಂದೊಂದಾಗಿ ತಿರುವಿ ನೋಡಿದ. ಇನ್ನೊಮ್ಮೆ ನೋಡಿದ.

“ಇಲ್ಲ ಅಜ್ಜಿ” ಎಂದ ಕೊನೆಗೆ. “ಅದೊಂದಕ್ಕೆ ಬರೀಲಿಲ್ಲ. ಪ್ರತಿ ಕಳ್ಸೋ ಗಡಿಬಿಡಿಯಾಗೆ ಅಸಲು ಅರ್ಜಿ ಕೊಡೋದೇ ಮರ್ತೆ.”

ವೀರಬಸಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಹೊಟ್ಟೆ ಕುಣಿಯಿತು. ಆಮೇಲೆ ಬಂದ ನಗುವಿಗೆ ಆಕಳು ಹಗ್ಗ ಕಿತ್ತುಕೊಂಡು ಓಡಿತು. “ಇಂಥವರನ್ನ ಯಾವ ಸರ್ಕಾರ ಗೂಢಚಾರ ಮಾಡ್ಕಳತ್ತೆ ಮಾರಾಯ್ರೆ! ಲೇ ತೀರ್ಥೇಶ, ಹುಲ್ಲು ತೆಗಿಯೋ! ಸೋಫಾ ತಾರೋ!” ಎಂದು ಕೂಗಿದರು. ರಜನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ, ಎರಡೂ ಇತ್ತು. ಹೂವಮ್ಮ ಅಲ್ಲೇ ದಿನ ಗೊತ್ತು ಮಾಡಿದರು. ಕರೆಂಟಿನ ಇಲಾಖೆಗೂ ಒಂದು ಬರೆದುಬಿಡುತ್ತೇನೆ ಎಂದು ಲೋಕಪ್ಪ ಪೆನ್ನಿಗೆ ಕೈ ಹಾಕಿದ. “ಮದುವೆ ಮುಗಿಯೋ ತನಕ ನೀವು ಯಾರಿಗೂ ಏನೂ ಬರೀಕೂಡ್ದು” ಎಂದು ರಜನಿ ಪೆನ್ನು ಕಿತ್ತುಕೊಂಡಳು.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಕಂಬಕ್ಕೆ ಮಾವಿನ ಎಲೆ, ಬಾಳೆಕಂದು ಕಟ್ಟಿ, ಶಾಮಿಯಾನದ ನಡುಗಂಬ ಮಾಡಿದರು. ವೀರಬಸಪ್ಪನವರು ಡಿಕ್ಕಿ ಹೊಡೆಯಲಿಲ್ಲ, ಅದಕ್ಕೇ ಒರಗಿ ಕೂತು ಎಲೆಅಡಿಕೆ ಬದಲಾಯಿಸಿದರು. ಊರಿಗೆ ಊರೇ ಕರೆಯದೇ ಬಂದು ಬಡಿಸಿತು. ಊಟವಾದ ಮೇಲೆ ತಿಪ್ಪೇಶ ಲೋಕಪ್ಪನನ್ನು ಪಕ್ಕಕ್ಕೆ ಕರೆದ.

“ಅಣ್ಣ, ಶುಭಕಾರ್ಯ ಮುಗೀತು. ಈಗಾದ್ರೂ ಹೇಳು. ಆ ಕಾಗದದಾಗೆ ನನ್ನ ಬಗ್ಗೆ ಏನೈತೆ?”

ಲೋಕಪ್ಪನಿಗೆ ಬುದ್ಧಿ ಬಂದಿತ್ತು. ಇನ್ನು ಗುಟ್ಟೂ ಬೇಡ, ಗತ್ತೂ ಬೇಡ ಎಂದುಕೊಂಡು, ಜೇಬಿನಿಂದ ಕಾಗದವನ್ನೇ ತೆಗೆದು ಅವನ ಕೈಗಿಟ್ಟ. “ನಿನ್ನ ಬಗ್ಗೆ ಏನಿಲ್ಲ ಕಣೋ. ಇದು ಈ ಕಂಬದ ಅರ್ಜಿ. ಹನ್ನೊಂದು ಇಲಾಖೆಗೂ ಕಂಬದ್ದೇ ಬರ್ದಿದ್ದೆ. ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ವಾಪಸ್ ಬರ್ದಾರೆ. ಓದು, ನೀನೇ ಓದು.”

ತಿಪ್ಪೇಶ ಓದಿದ. ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಮಡಚಿ ವಾಪಸ್ ಕೊಟ್ಟ.

“ಆತು ಬಿಡಣ್ಣ. ಇದು ಜನಕ್ಕೆ ತೋರ್ಸೋ ಕಾಗದ, ನಿಜವಾದದ್ದು ಬ್ಯಾರೆ ಕಡೆ ಇರುತ್ತೆ, ನಂಗೇನು ಗೊತ್ತಾಗಲ್ವಾ? ಕರೆಂಟ್ ಕಂಬ ತೆಗೀರಿ ಅಂತ ಮೀನಿನ ಇಲಾಖೆಗೆ ಬರಿಯೋವಷ್ಟು ದಡ್ಡ ನೀನಲ್ಲ. ಅಷ್ಟು ಹಗುರಾಗಿ ನಿನ್ನ ನಾನು ನೋಡಿಲ್ಲ.”

ಲೋಕಪ್ಪ ಕಾಗದವನ್ನು ಮತ್ತೆ ಜೇಬಿಗಿಟ್ಟುಕೊಂಡ. ಹೌದು ಎನ್ನುವ ಹಾಗೂ ಇಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ.

ಮರುದಿನ ಬೆಳಗ್ಗೆ ತಿಪ್ಪೇಶ ಎರಡು ತಂಬಿಗೆ ಹಾಲು ಜಗುಲಿಯ ಮೇಲಿಟ್ಟು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಹೋದ. ನಾಗವೇಣಿ ಹಾಲು ಕಾಯಿಸಿ ಮುಚ್ಚಳ ತೆಗೆದಳು. ಕೆನೆ ಎರಡು ಬೆರಳು ದಪ್ಪ ಕಟ್ಟಿತ್ತು.

“ನಿನ್ನೆ ಅವನಿಗೆ ಏನು ಹೇಳಿದ್ರಿ?”

“ನಿಜ ಹೇಳಿದೆ ಕಣೇ. ಇದ್ದದ್ದು ಇದ್ದಂಗೆ ಹೇಳ್ಬಿಟ್ಟೆ.”

ನಾಗವೇಣಿ ಕೆನೆಯನ್ನು ಚಮಚದಿಂದ ಒತ್ತಿ ನೋಡಿದಳು. ಚಮಚ ನಿಂತಿತು.

“ಹಂಗಾದ್ರೆ ನಾಳೆ ರೇಷನ್ ಅಂಗಡಿಯೋರಿಗೂ ನಿಜ ಹೇಳಿ ಬರ್ರಿ” ಎಂದಳು.